ಸಿಟ್ಟು ಬಿಡಿಸುವ ಶಿಬಿರ

ಹಾಸ್ಟೆಲಿಗೆ ಮೂರು ದಿನ ನೀರು ಬರಲಿಲ್ಲವೆಂದು ನಾವು ಕೂಗಾಡಿದಾಗ ಕಾಲೇಜಿನವರು ಏರ್ಪಡಿಸಿದ್ದು ಧ್ಯಾನ ಶಿಬಿರ! ಉಸಿರು ಗಮನಿಸಿ, ಸಿಟ್ಟು ಬಿಡಿ ಅಂದರು. ನೀರು ಮಾತ್ರ ಬಿಡಲಿಲ್ಲ.

ಧ್ಯಾನದ ಮೇಲೆ ನನಗೆ ತಕರಾರಿಲ್ಲ. ಈಗಲೂ ಬೆಳಿಗ್ಗೆ 20 ನಿಮಿಷ ಕೂರುತ್ತೇನೆ, ದಿನ ಸ್ವಲ್ಪ ಹಗುರಾಗುತ್ತದೆ. ಆದರೆ ಸತಿಪಟ್ಠಾನ ಸುತ್ತದಲ್ಲಿ ಚಿತ್ತವನ್ನು ನೋಡುವ ಭಾಗ ಓದಿ: ಸಿಟ್ಟಿದ್ದರೆ ಇದೆಯೆಂದು ತಿಳಿಯಬೇಕು, ಅಷ್ಟೇ. ಮರೆಮಾಚು ಎಂದಿಲ್ಲ. 1979ರಲ್ಲಿ ಜಾನ್ ಕಬಟ್-ಜಿನ್ ಅಮೆರಿಕದ ಮ್ಯಾಸಚೂಸೆಟ್ಸಿನ ವೈದ್ಯಕೀಯ ಕಾಲೇಜಿನಲ್ಲಿ ಇಂಥ ಧ್ಯಾನವನ್ನು ಪಾಠವಾಗಿಸಿದ್ದು, ನೋವಿನೊಂದಿಗೇ ಬಾಳಬೇಕಿದ್ದ ರೋಗಿಗಳಿಗಾಗಿ. ಒಣಗಿದ ನಲ್ಲಿ ವಾಸಿಯಾಗದ ಕಾಯಿಲೆಯೇ?

ಶಿಬಿರ ಮುಗಿದ ಸಂಜೆ, ಬಹಳ ಸಮಾಧಾನದಿಂದ, ಅರ್ಜಿ ಬರೆದೆವು. 60 ಸಹಿ ಬಿದ್ದವು.