ಕೋವಿ ಇರೋದು ಸದ್ದಿಗೋ, ಗುರಿಗೋ?

ಕೈಲ್ ಮುಹೂರ್ತ ಬಂತೆಂದರೆ ಕೊಡಗಿನ ಊರೂರಿನ ಮೈದಾನದಲ್ಲಿ ತೆಂಗಿನಕಾಯಿಗೆ ಕಷ್ಟಕಾಲ. ಗದ್ದೆಯ ನಾಟಿ ಮುಗಿಸಿ, ಕೋವಿಗೆ ತೋಕ್‌ಪೂ ಇಟ್ಟು ಪೂಜೆ ಮಾಡಿದ ಜನ, ಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಸಾಲು ನಿಲ್ಲುತ್ತಾರೆ. ಒಂದು ಕಡೆ ಹನ್ನೆರಡು ಬೋರಿನ ತೋಟಾ ಕೋವಿ, ಇನ್ನೊಂದು ಕಡೆ ಪಾಯಿಂಟ್ ಟೂ ಟೂ ರೈಫಲ್, ಹುಡುಗರಿಗೆ ಏರ್‌ಗನ್. ಮೈಕಿನಲ್ಲಿ ಹೆಸರು ಕೂಗ್ತಾರೆ. ಕಾಯಿ ಸಿಡಿದರೆ ಚಪ್ಪಾಳೆ, ತಪ್ಪಿದರೆ ಹಿಂದಿನಿಂದ ನಗೆ.

ಎಲ್ಲಾ ಚೆಂದವೇ. ಆದರೆ ಯಾರೂ ಕೇಳದ ಪ್ರಶ್ನೆ ಎರಡಿವೆ. ಹಬ್ಬ ಮುಗಿದ ಮೇಲೆ ಆ ರೈಫಲ್ ಏನಾಗುತ್ತೆ? ಕಾಯಿಗೆ ತಾಗದ ಗುಂಡು ಎಲ್ಲಿಗೆ ಹೋಗುತ್ತೆ?

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಎಣ್ಣೆ ಹಚ್ಚಿಸಿಕೊಂಡು ಬೀರುವಿನಲ್ಲಿ ಮಲಗುತ್ತೆ, ಮುಂದಿನ ಸೆಪ್ಟೆಂಬರ್‌ವರೆಗೆ. ವರ್ಷಕ್ಕೆ ನಾಲ್ಕು ಗುಂಡು ಹೊಡೆದು ಗುರಿಕಾರ ಆದವರು ಯಾರೂ ಇಲ್ಲ. ವರ್ಷಕ್ಕೊಂದು ದಿನ ಸೈಕಲ್ ಹತ್ತಿದರೆ ಬ್ಯಾಲೆನ್ಸ್ ಬಂದೀತೇ?

ಬಡವರ ಬಂಧು ಈ ತೋಟಾ

ಪಾಯಿಂಟ್ ಟೂ ಟೂ ಅಂದರೆ ಕಾಲು ಅಂಗುಲಕ್ಕಿಂತ ಸಣ್ಣ ನಳಿಗೆ, ಸುಮಾರು 5.6 ಮಿಲಿಮೀಟರ್. ಇವತ್ತು ಎಲ್ಲೆಡೆ ಬಳಕೆಯಲ್ಲಿರುವ 'ಲಾಂಗ್ ರೈಫಲ್' ತೋಟಾ 1887ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಅದರ ಸೀಸದ ಗುಂಡಿನ ತೂಕ ಸಾಮಾನ್ಯವಾಗಿ 40 ಗ್ರೇನ್, ಅಂದರೆ ಎರಡೂವರೆ ಗ್ರಾಮಿಗಿಂತ ಚೂರು ಜಾಸ್ತಿ. ಹನ್ನೆರಡು ಬೋರಿನ ತೋಟಾಕ್ಕೆ ಹಿಂಭಾಗದ ನಡುವಿನಲ್ಲಿ ಕೇಪು ಇರುತ್ತೆ. ಇದಕ್ಕೆ ಹಾಗಲ್ಲ. ಬೆಂಕಿ ಹೊತ್ತಿಸುವ ಮದ್ದು ಬುಡದ ಅಂಚಿನ ಮಡಿಕೆಯೊಳಗೇ ಸುತ್ತಲೂ ಇರುತ್ತೆ. ರೈಫಲಿನ ಸೂಜಿ ಆ ಅಂಚಿಗೆ ಬಡಿದರೆ ಸಾಕು. ರಿಮ್‌ಫೈರ್ ಎಂಬ ಹೆಸರು ಬಂದದ್ದು ಅದರಿಂದಲೇ.

ಮಾಡೋದು ಸುಲಭ, ಹಾಗಾಗಿ ಬೆಲೆಯೂ ದೊಡ್ಡ ತೋಟಾಗಳಿಗಿಂತ ಕಡಿಮೆ. ಹನ್ನೆರಡು ಬೋರು ಹೊಡೆದವನ ಭುಜ ಸಂಜೆವರೆಗೆ ಮಾತಾಡುತ್ತೆ. ಪಾಯಿಂಟ್ ಟೂ ಟೂಗೆ ಹಿಂದೊದೆತ ಇಲ್ಲವೆಂದೇ ಹೇಳಬೇಕು. ಅದಕ್ಕೇ ಹೊಸಬರು, ಹೆಂಗಸರು, ವಯಸ್ಸಾದವರು ಹೆದರದೆ ಹೊಡೆಯಬಹುದು. ಹೆದರಿಕೆ ಹೋದರೆ ಕಣ್ಣು ಮುಚ್ಚುವ ಚಟ ಹೋಗುತ್ತೆ. ಕಣ್ಣು ತೆರೆದಿದ್ದರೆ ಗುರಿ ತಾನಾಗಿ ಕಾಣುತ್ತೆ.

ಇದರ ಸುಖ ಸದ್ದಿನಲ್ಲಿಲ್ಲ. ಉಸಿರು ಅರ್ಧ ಬಿಟ್ಟು ಹಿಡಿಯೋದು, ಮುಂದಿನ ಮಣಿಯನ್ನು ಹಿಂದಿನ ಕಂಡಿಯಲ್ಲಿ ನಿಲ್ಲಿಸೋದು, ಟ್ರಿಗರನ್ನು ಎಳೆಯದೆ ಮೆಲ್ಲಗೆ ಒತ್ತೋದು, ಆಮೇಲೆ ಕಾಗದ ನೋಡೋದು. ಐದು ತೂತು ಒಂದು ರೂಪಾಯಿ ನಾಣ್ಯದಡಿ ಮುಚ್ಚಿದರೆ ಅವತ್ತಿನ ಊಟಕ್ಕೆ ಬೇರೆ ರುಚಿ. ದಿನವಿಡೀ ಗಲ್ಲಾಪೆಟ್ಟಿಗೆ ಮುಂದೆ ಕೂತು ಗಿರಾಕಿ ಜೊತೆ ಗುದ್ದಾಡಿದ ಅಂಗಡಿಯವನಿಗೆ, ಅರ್ಧ ಗಂಟೆ ಒಂದು ಕಪ್ಪು ಚುಕ್ಕಿ ಬಿಟ್ಟು ಬೇರೇನೂ ನೋಡದಿರೋದೇ ದೊಡ್ಡ ವಿಶ್ರಾಂತಿ.

ಪಿಸ್ತೂಲಿನ ಕತೆಯೂ ಹೀಗೇ, ಇನ್ನೂ ಕಷ್ಟ. ಭುಜದ ಆಸರೆಯಿಲ್ಲ, ಒಂದೇ ಕೈ ಚಾಚಿ ನಿಲ್ಲಬೇಕು. ಮಣಿಕಟ್ಟು ಕೂದಲೆಳೆ ಅಲುಗಿದರೆ 25 ಮೀಟರಿನಾಚೆ ಗುಂಡು ಗೇಣು ದೂರ. ಸಿನಿಮಾ ಹೀರೋಗಳ ಪಿಸ್ತೂಲು ನೋಡಿ ಬಂದವರಿಗೆ ಮೊದಲ ದಿನವೇ ಜ್ಞಾನೋದಯ ಆಗುತ್ತೆ.

ಟಿಕೆಟ್ ಕೇಳುವವನ ಕೊರಳಲ್ಲಿ ಪದಕ

ಇದು ಶ್ರೀಮಂತರ ಆಟ, ತೋಟದ ಧಣಿಗಳ ಶೋಕಿ ಎಂಬ ಮಾತುಂಟು. ಖರ್ಚಿನ ಆಟ ಹೌದು. ಆದರೆ 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿಯ ಸ್ಪರ್ಧೆಯಲ್ಲಿ 451.4 ಅಂಕ ಪಡೆದು ಕಂಚು ಗೆದ್ದವನು ಯಾರು? ಕೊಲ್ಲಾಪುರ ಜಿಲ್ಲೆಯ ಹಳ್ಳಿಯ ಸ್ವಪ್ನಿಲ್ ಕುಸಾಳೆ, ಆಗ ರೈಲಿನಲ್ಲಿ ಟಿಕೆಟ್ ತಪಾಸಣೆಯ ನೌಕರನಾಗಿದ್ದವನು. ಕೈಯಲ್ಲಿದ್ದದ್ದು ಇದೇ ಪಾಯಿಂಟ್ ಟೂ ಟೂ. ಮೊಣಕಾಲೂರಿ, ಮಲಗಿ, ನಿಂತು ಹೊಡೆಯುವ ಆ ಆಟದಲ್ಲಿ ನಡುವಿನ ಹತ್ತರ ವೃತ್ತ ಬರೀ 10.4 ಮಿಲಿಮೀಟರ್ ಅಗಲ. ಐವತ್ತು ಮೀಟರ್ ದೂರದಲ್ಲಿ ಅಂಗಿ ಗುಂಡಿಯಷ್ಟು!

ಅದಕ್ಕೂ ಮೊದಲು, 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಸೇನೆಯ ಸುಬೇದಾರ್ ವಿಜಯ್ ಕುಮಾರ್ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲಿನಲ್ಲಿ ಬೆಳ್ಳಿ ತಂದ. ಅದೂ ಪಾಯಿಂಟ್ ಟೂ ಟೂ ಆಟವೇ. ನಾಲ್ಕು ಸೆಕೆಂಡಿನಲ್ಲಿ ಐದು ಗುರಿಗೆ ಐದು ಗುಂಡು. ಮನೆಮನೆಯಲ್ಲಿ ಕೋವಿ ಇರುವ ಜಿಲ್ಲೆ ಈ ಸುದ್ದಿ ಓದಿ ಪೇಪರ್ ಮಡಚಿಟ್ಟರೆ ಹೇಗೆ ಸ್ವಾಮಿ?

ತಪ್ಪಿದ ಗುಂಡು ಎಲ್ಲಿ?

ಈಗ ಎರಡನೇ ಪ್ರಶ್ನೆ. ಹಿಂದೆ ಕಾಯಿಯನ್ನು ಎತ್ತರದ ಮರದ ತುದಿಗೆ ಕಟ್ಟಿ ಹೊಡೆಯುವ ಪದ್ಧತಿ ಇತ್ತು. ಹನ್ನೆರಡು ಬೋರಿನ ಸಣ್ಣ ಕಾಳುಗಳು ಸ್ವಲ್ಪ ದೂರ ಹೋಗಿ ಬಲ ಕಳೆದುಕೊಂಡು ಉದುರುತ್ತವೆ. ಪಾಯಿಂಟ್ ಟೂ ಟೂ ಹಾಗಲ್ಲ. ಒಂದೂಕಾಲು ಮೈಲಿವರೆಗೂ ಅಪಾಯ ಎಂದು ತೋಟಾ ಡಬ್ಬಿಯ ಮೇಲೇ ಅಚ್ಚು ಹಾಕಿರುತ್ತಾರೆ. ಮೈದಾನದ ಆಚೆ ರಸ್ತೆ, ರಸ್ತೆಯಾಚೆ ಲೈನ್ ಮನೆ, ಅದರಾಚೆ ಬಸ್ ಸ್ಟಾಪು. ಕಾಫಿ ಗಿಡದ ನಡುವೆ ಕೆಲಸ ಮಾಡುವ ಆಳು ಹೊರಗಿನವರ ಕಣ್ಣಿಗೇ ಬೀಳೋದಿಲ್ಲ.

'ಸಣ್ಣ ಗುಂಡು, ಏನಾಗುತ್ತೆ ಬಿಡಿ' ಅನ್ನುವ ಮಾತೇ ದೊಡ್ಡ ಅಪಾಯ. ಗುಂಡು ಸಣ್ಣದಾದರೂ ಪ್ರಾಣ ತೆಗೆಯುತ್ತೆ. ಉಪಾಯ ಕಷ್ಟದ್ದೇನೂ ಅಲ್ಲ. ಗುರಿಯ ಹಿಂದೆ ಕಲ್ಲಿಲ್ಲದ ಮಣ್ಣಿನ ಎತ್ತರದ ದಿಬ್ಬ ಇರಬೇಕು. ಕಲ್ಲಿಗೂ ನೀರಿಗೂ ಬಡಿದರೆ ಈ ಗುಂಡು ಚಿಮ್ಮಿ ದಿಕ್ಕು ತಪ್ಪುತ್ತೆ. ಒಂದು ಗೆರೆ, ಒಬ್ಬ ಮೇಲ್ವಿಚಾರಕ, ಅವನ ಮಾತೇ ಕೊನೆ. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ. ಅಂಚಿನ ಮದ್ದು ಒಂದೇ ಸಮ ಹರಡದಿದ್ದರೆ ರಿಮ್‌ಫೈರ್ ತೋಟಾ ಒಮ್ಮೊಮ್ಮೆ ಹಾರುವುದಿಲ್ಲ. ಆಗ ನಳಿಗೆಯನ್ನು ಗುರಿಯತ್ತಲೇ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು. 'ಏನಾಯ್ತು ಇದಕ್ಕೆ' ಅಂತ ತಿರುಗಿಸಿ ನೋಡುವವನೇ ಪೇಪರಿನಲ್ಲಿ ಬರೋದು. ಮುಗಿದ ಮೇಲೆ ಕೈ ತೊಳೆದೇ ಬೋಂಡಾ ತಿನ್ನಬೇಕು, ಸೀಸ ಹೊಟ್ಟೆಗೆ ಒಳ್ಳೆಯದಲ್ಲ.

ಮದುವೆ ಮನೆಯಲ್ಲಿ ಕುಡಿದು ಆಕಾಶಕ್ಕೆ ಢಂ ಅನ್ನಿಸುವವರಿಗೆ ಕಾನೂನು ಈಗ ಬೇರೆಯಾಗಿದೆ. 2019ರ ತಿದ್ದುಪಡಿ ಪ್ರಕಾರ, ಸಂಭ್ರಮಕ್ಕೆಂದು ಇತರರ ಪ್ರಾಣಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಹಕ್ಕು ಇದ್ದವರು, ಇಲ್ಲದವರು

ಕೊಡಗಿನ ಕೋವಿ ಹಕ್ಕು 1861ರಿಂದ ಬಂದದ್ದು. ಕೊಡವ ಜನಾಂಗಕ್ಕೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್ ವಿನಾಯಿತಿ ಉಂಟು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು. ಪ್ರಶ್ನಿಸಿ ಹೈಕೋರ್ಟಿಗೆ ಹೋದ ಅರ್ಜಿ 2021ರಲ್ಲಿ ಬಿದ್ದುಹೋಯಿತು. ಆದರೆ 2029 ದೂರವಿಲ್ಲ. ಆಗ ಮತ್ತೆ ದೆಹಲಿಯಲ್ಲಿ ಕೇಳ್ತಾರೆ, ಈ ಕೋವಿಗಳಿಂದ ಏನು ಉಪಯೋಗ ಅಂತ. 'ನಮ್ಮ ಸಂಪ್ರದಾಯ' ಎಂಬ ಉತ್ತರ ಸರಿಯೇ. ಅದರ ಜೊತೆ 'ನಮ್ಮ ರೇಂಜು ನೋಡಿ, ನಮ್ಮ ಶಿಸ್ತು ನೋಡಿ, ನಮ್ಮ ಮಕ್ಕಳ ಪದಕ ನೋಡಿ' ಎಂದು ತೋರಿಸುವಂತಿದ್ದರೆ ಆ ಉತ್ತರಕ್ಕೆ ತೂಕ ಜಾಸ್ತಿ.

ಹಕ್ಕಿಲ್ಲದವರ ಮಾತೂ ಇದೆ. ಪೇಟೆಯಲ್ಲಿ ಅಂಗಡಿ ಇಟ್ಟವರು, ಬಸ್ ಓಡಿಸುವವರು, ತೋಟದಲ್ಲಿ ದುಡಿಯುವವರ ಮಕ್ಕಳು, ಇವರಿಗೆ ಮನೆಯಲ್ಲಿ ಕೋವಿ ಇಲ್ಲ. ಬೇಕೆಂದೂ ಇಲ್ಲ. ಆದರೆ ಗುರಿ ಕಲಿಯುವ ಆಸೆ ಯಾರಪ್ಪನ ಸ್ವತ್ತು? 20 ಜೂಲ್ ಮೀರದ 4.5 ಮಿಲಿಮೀಟರ್ ಏರ್‌ರೈಫಲಿಗೆ ಲೈಸೆನ್ಸೇ ಬೇಡ. ಅಲ್ಲಿ ಕೈ ಪಳಗಿದವರು ಮುಂದೆ ಪರವಾನಗಿ ಇರುವ ಕ್ಲಬ್ಬಿನಲ್ಲಿ, ಕ್ಲಬ್ಬಿನ ರೈಫಲಿನಿಂದಲೇ ಪಾಯಿಂಟ್ ಟೂ ಟೂ ಕಲಿಯಬಹುದು. ಕೋವಿ ಮನೆಗೆ ಒಯ್ಯುವ ಮಾತೇ ಇಲ್ಲ.

ಆಗಬೇಕಾದ್ದು ಇಷ್ಟು. ತಾಲೂಕಿಗೊಂದು ಕಡೆ, ಬಸ್ಸು ಹೋಗುವ ಜಾಗದಲ್ಲಿ, 50 ಮೀಟರಿನ ರೇಂಜು ಮತ್ತು ಗಟ್ಟಿ ಮಣ್ಣಿನ ದಿಬ್ಬ. ವಾರಕ್ಕೊಂದು ದಿನ ಎಲ್ಲರಿಗೂ ಬಾಗಿಲು. ಕಲಿಸಲು ನಿವೃತ್ತ ಸೈನಿಕರು ಈ ಜಿಲ್ಲೆಯಲ್ಲಿ ಕಡಿಮೆಯೇ? ಸ್ಪರ್ಧೆ ನಡೆಸುವ ಸಂಘಗಳು ಶಾಮಿಯಾನ, ಮೈಕು, ಟ್ರೋಫಿಗೆ ಸುರಿಯುವ ಹಣದಲ್ಲಿ ಒಂದು ಪಾಲು ದಿಬ್ಬಕ್ಕೆ ಹಾಕಲಿ. ಜಿಲ್ಲಾಡಳಿತವೂ ಸ್ಪರ್ಧೆಗೆ ಒಪ್ಪಿಗೆ ಕೊಡುವ ಮುಂಚೆ 'ಗುರಿಯ ಹಿಂದೆ ಏನಿದೆ?' ಎಂದು ಒಂದು ಸಾಲು ಕೇಳಲಿ. ಆ ಪ್ರಶ್ನೆಗೆ 'ಮಣ್ಣು' ಎಂಬ ಉತ್ತರ ಬರುವವರೆಗೆ ಸಹಿ ಹಾಕಬಾರದು.