ಎಂಟು ಗಿಫ್ಟ್‌ಗಿಂತ ಅರ್ಧ ಗಂಟೆ ದೊಡ್ಡದು

‘ಅವರಿಗೆ ಎಂಟು ರಾತ್ರಿಗೆ ಎಂಟು ಗಿಫ್ಟ್ ಅಂತೆ, ನಮಗ್ಯಾಕಿಲ್ಲ?’ ಅಮೆರಿಕದಲ್ಲಿ ಯಹೂದಿ ಗೆಳೆಯರ ಮನೆಯ ಹನುಕ್ಕಾ ಹಬ್ಬಕ್ಕೆ ಹೋಗಿಬಂದ ನಮ್ಮ ಮಕ್ಕಳು ಹೀಗೆ ಕೇಳಿದ್ರೆ ಆಶ್ಚರ್ಯವಿಲ್ಲ. ಆದರೆ ಆ ಹಬ್ಬದ ಜೀವ ಇರೋದು ಗಿಫ್ಟ್‌ನಲ್ಲಲ್ಲ.

ಎರಡು ಸಾವಿರ ವರ್ಷಗಳಿಗೂ ಹಿಂದೆ ಯಹೂದಿಗಳು ಜೆರುಸಲೇಮಿನ ತಮ್ಮ ದೇವಾಲಯವನ್ನು ಮರಳಿ ಪಡೆದಾಗ, ಒಂದೇ ದಿನಕ್ಕಾಗುವಷ್ಟಿದ್ದ ಎಣ್ಣೆ ಎಂಟು ದಿನ ಉರಿಯಿತು ಅನ್ನೋದು ನಂಬಿಕೆ. ಅದಕ್ಕೇ ಮೊದಲ ರಾತ್ರಿ ಒಂದು ದೀಪ, ಮರುದಿನ ಎರಡು, ಹೀಗೆ ಎಂಟರವರೆಗೆ. ಅವನ್ನು ಹಚ್ಚೋಕೆ ‘ಶಮಾಶ್’ ಅನ್ನೋ ದೀಪ ಬೇರೆ. ಒಟ್ಟು ಎಷ್ಟು ಮೇಣದಬತ್ತಿ ಬೇಕು ಅಂತ ಮಕ್ಕಳನ್ನೇ ಕೇಳಿ. ಉತ್ತರ 44!

ಮಕ್ಕಳಿಗೆ ಕೆಲಸವೂ ಉಂಟು. ಲಾಟ್ಕೆಗೆ ತುರಿದ ಆಲೂಗಡ್ಡೆಯ ನೀರು ಹಿಂಡಬೇಕು, ಕರಿಯೋದು ದೊಡ್ಡವರು. ಆಮೇಲೆ ಡ್ರೈಡಲ್ ಅನ್ನೋ ನಾಲ್ಕು ಮುಖದ ಬುಗುರಿ ಆಟ. ‘ಗಿಮೆಲ್’ ಅಕ್ಷರ ಬಿದ್ದರೆ ನಡುವೆ ಇಟ್ಟ ಚಾಕೊಲೇಟ್ ನಾಣ್ಯವೆಲ್ಲ ನಿಮ್ಮದೇ. ‘ಶಿನ್’ ಬಿದ್ದರೆ ಕೈಯಿಂದ ಹಾಕ್ಬೇಕು. ಕೆಲವು ಮನೆಗಳಲ್ಲಿ ಒಂದು ರಾತ್ರಿ ಗಿಫ್ಟ್ ಬದಲು ದಾನ. ಯಾರಿಗೆ ಕೊಡೋದು ಅಂತ ಮಕ್ಕಳೂ ಸೇರಿ ತೀರ್ಮಾನಿಸ್ತಾರೆ.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ಪದ್ಧತಿ. ಈ ದೀಪದ ಬೆಳಕಲ್ಲಿ ಕೆಲಸ ಮಾಡಬಾರದು, ಸುಮ್ಮನೆ ನೋಡಬೇಕು. ಎಷ್ಟೋ ಮನೆಗಳಲ್ಲಿ ದೀಪ ಹಚ್ಚಿದ ಮೇಲೆ ಅರ್ಧ ಗಂಟೆ ಹೆಂಗಸರು ಮನೆಗೆಲಸ ಮುಟ್ಟೋದಿಲ್ಲ. ಎಂಟು ರಾತ್ರಿಗೆ ನಾಲ್ಕು ಗಂಟೆ, ಅಮ್ಮ ಪಕ್ಕದಲ್ಲೇ!

ಮುಂದಿನ ಸಲ ಕರೆ ಬಂದರೆ ನೀವೂ ಹೋಗಿ, ಮಕ್ಕಳ ಜೊತೆ ಕೂತ್ಕೊಳ್ಳಿ. ಫೋನ್ ಜೇಬಲ್ಲೇ ಇರಲಿ.