ಇಪ್ಪತ್ತೊಂದು ದಿನಗಳ ಹಾಜರಿ



ಕ್ಯಾನ್ಸರ್ ಎಂಬ ಹೆಸರನ್ನು ಬಾಯಿಬಿಟ್ಟು ಹೇಳಲೂ ಜನ ಅಂಜುತ್ತಿದ್ದ ಕಾಲವೊಂದಿತ್ತು. ನಮ್ಮ ಮೇಡ್ಲೇರಿಯಲ್ಲಿ ಅದನ್ನು ‘ದೊಡ್ಡ ಬ್ಯಾನಿ’ ಎಂದು ಪಿಸುಗುಟ್ಟುತ್ತಿದ್ದರು. ಇಂದು ಆ ಅಂಜಿಕೆ ಬಹುಮಟ್ಟಿಗೆ ಹೋಗಿದೆ. ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆಗೋ, ದಾವಣಗೆರೆಗೋ, 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಹೋಗಿ ‘ಕಿಮೋ ಹಚ್ಚಿಸಿಕೊಂಡು ಬಂದೆವು’ ಎಂದು ಹೇಳುವವರನ್ನು ರಾಣೆಬೆನ್ನೂರಿನ ಬಸ್ಸಿನಲ್ಲಿಯೇ ಕಾಣುತ್ತೇವೆ. ಇದು ಸಂತೋಷದ ಸಂಗತಿ. ಆದರೆ ಔಷಧವು ನಮ್ಮ ಹಳ್ಳಿಯ ರೋಗಿಯವರೆಗೆ ಬಂದಿತೇ ಹೊರತು, ಆ ಔಷಧದ ಮೇಲೆ ಇರಬೇಕಾದ ಕಣ್ಗಾವಲು ಹಳ್ಳಿಯವರೆಗೆ ಬರಲಿಲ್ಲ. ಈ ಕುರಿತು ನನ್ನ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಿಮೋಥೆರಪಿಯ ಔಷಧಗಳು ಸೌಮ್ಯ ವಸ್ತುಗಳಲ್ಲ. 1942ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರು ಮೊದಲು ಪ್ರಯೋಗಿಸಿದ ನೈಟ್ರೋಜನ್ ಮಸ್ಟರ್ಡ್, ಯುದ್ಧದ ವಿಷಾನಿಲದ ಕುಲಕ್ಕೆ ಸೇರಿದ್ದು. ನಮ್ಮ ಹಿತ್ತಿಲುಗಳಲ್ಲಿ ವರ್ಷವಿಡೀ ಹೂ ಬಿಡುವ ಸದಾಪುಷ್ಪದ ಗಿಡದಿಂದ ದೊರೆತ ವಿನ್‌ಕ್ರಿಸ್ಟಿನ್ ಕೂಡ ಅಳತೆ ತಪ್ಪಿದರೆ ನರಗಳನ್ನು ಕೆಡಿಸುವಂಥದ್ದು. ಈ ಔಷಧಗಳಲ್ಲಿ ಹೆಚ್ಚಿನವು ಶೀಘ್ರವಾಗಿ ವಿಭಜನೆಗೊಳ್ಳುವ ಜೀವಕೋಶಗಳನ್ನು ನಾಶಪಡಿಸುತ್ತವೆ. ಕ್ಯಾನ್ಸರಿನ ಕೋಶ ಯಾವುದು, ಕೂದಲ ಬುಡದ್ದು ಯಾವುದು, ಬಾಯಿಯ ಒಳಪದರದ್ದು ಯಾವುದು, ಮೂಳೆಯ ಮಜ್ಜೆಯಲ್ಲಿ ರಕ್ತಕಣ ತಯಾರಿಸುವುದು ಯಾವುದು ಎಂಬ ವಿವೇಕ ಅವಕ್ಕಿಲ್ಲ. ಆದ್ದರಿಂದ ಔಷಧ ಕೊಡುವುದು ಅರ್ಧ ಚಿಕಿತ್ಸೆಯಾದರೆ, ಅದು ದೇಹದಲ್ಲಿ ಏನು ಮಾಡುತ್ತಿದೆಯೆಂದು ನೋಡುತ್ತಿರುವುದು ಉಳಿದರ್ಧ.

ಈಗ ಒಂದು ಸರಳ ಲೆಕ್ಕ ಮಾಡೋಣ. ಅನೇಕ ಕಿಮೋ ಕ್ರಮಗಳು 21 ದಿನಗಳಿಗೊಮ್ಮೆ ಪುನರಾವರ್ತನೆಯಾಗುತ್ತವೆ. ರೋಗಿ ಬೆಳಿಗ್ಗೆ ಬಂದು, ರಕ್ತ ಪರೀಕ್ಷೆ ಮಾಡಿಸಿ, ಸಲಾಯಿನ್ ಮೂಲಕ ಔಷಧ ಪಡೆದು ಎಷ್ಟೋ ವೇಳೆ ಅಂದೇ ಊರಿಗೆ ಮರಳುತ್ತಾನೆ. ಅಂದರೆ ಆಸ್ಪತ್ರೆಯ ಕಣ್ಣಿಗೆ ಬೀಳುವುದು ಒಂದು ದಿನ. ಉಳಿದ 20 ದಿನ ಅವನು ಮನೆಯಲ್ಲಿ. ಬಿಳಿ ರಕ್ತಕಣಗಳು ಅತ್ಯಂತ ಕಡಿಮೆಯಾಗುವುದಾದರೋ ಹೆಚ್ಚಿನ ಔಷಧಗಳಲ್ಲಿ ಏಳರಿಂದ ಹದಿನಾಲ್ಕನೆಯ ದಿನದ ನಡುವೆ. ಅಪಾಯ ಅತಿ ಹೆಚ್ಚಾಗಿರುವ ದಿನಗಳಲ್ಲಿಯೇ ರೋಗಿಯು ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಹಳ್ಳಿಯಲ್ಲಿರುತ್ತಾನೆ. ಇಪ್ಪತ್ತೊಂದು ದಿನಗಳಲ್ಲಿ ಒಂದೇ ದಿನ ಹಾಜರಿ ತೆಗೆದುಕೊಂಡು ವಿದ್ಯಾರ್ಥಿಯ ಪ್ರಗತಿಯನ್ನು ಬರೆಯುವ ಉಪಾಧ್ಯಾಯನನ್ನು ನೀವು ಒಪ್ಪುವಿರಾ?

ಇನ್ನೊಂದು ತೊಡಕು, ಅಡ್ಡಪರಿಣಾಮಗಳು ತಮ್ಮ ತೂಕಕ್ಕೆ ತಕ್ಕಂತೆ ಕಾಣಿಸಿಕೊಳ್ಳದಿರುವುದು. ಡಾಕ್ಸೋರುಬಿಸಿನ್ ಪಡೆದವರ ಮೂತ್ರ ಒಂದೆರಡು ದಿನ ಕೆಂಪಾಗುತ್ತದೆ. ರಕ್ತವೇ ಹೋಗುತ್ತಿದೆಯೆಂದು ಮನೆಮಂದಿ ಗಾಬರಿಯಾಗುತ್ತಾರೆ. ಅದು ಔಷಧದ ಬಣ್ಣ ಮಾತ್ರ. ಅದೇ ಔಷಧ ಅಳತೆ ಮೀರಿ ಸೇರುತ್ತ ಹೋದರೆ ಹೃದಯವನ್ನು ದುರ್ಬಲಗೊಳಿಸುವುದು ಹೊರಗೆ ಕಾಣುವುದಿಲ್ಲ. ಕೂದಲು ಉದುರಿದರೆ ಓಣಿಯೇ ಮರುಗುತ್ತದೆ. ಕೂದಲು ಸಾಮಾನ್ಯವಾಗಿ ಮತ್ತೆ ಬರುತ್ತದೆ. ಆದರೆ ಒಂಬತ್ತನೆಯ ದಿನ ಸಂಜೆ ಮೈ ಸ್ವಲ್ಪ ಬೆಚ್ಚಗಾದರೆ ಯಾರೂ ಲಕ್ಷಿಸುವುದಿಲ್ಲ. ಬಿಳಿ ರಕ್ತಕಣ ಕುಸಿದಿರುವಾಗ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರವೆಂದರೆ, ಅದು ಬೆಳಗಾಗುವವರೆಗೆ ಕಾಯುವ ಜ್ವರವಲ್ಲ. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ರಕ್ತನಾಳಕ್ಕೆ ಹೋಗಬೇಕೆಂದು ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ.

ನಮ್ಮ ಬಂಧುವರ್ಗದಲ್ಲಿಯೇ ಹೀಗಾಯಿತು. ಎರಡನೆಯ ಸರದಿಯ ಕಿಮೋ ಆಗಿ ಹತ್ತನೆಯ ದಿನ ಹೆಣ್ಣುಮಗಳೊಬ್ಬಳಿಗೆ ಜ್ವರ ಬಂದಿತು. ಅಂಗಡಿಯಿಂದ ತಂದ ಜ್ವರದ ಗುಳಿಗೆ ನುಂಗಿಸಿದರು. ಮೈ ತಣ್ಣಗಾಯಿತು, ಮನೆಯವರು ನೆಮ್ಮದಿಗೊಂಡರು. ಗುಳಿಗೆ ತಗ್ಗಿಸಿದ್ದು ಮೈಯ ಕಾವನ್ನೇ ಹೊರತು ಸೋಂಕನ್ನಲ್ಲ. ರಾತ್ರಿ ಚಳಿ ಹತ್ತಿದಾಗ ಆಸ್ಪತ್ರೆಯ ಚೀಟಿಯ ಮೇಲಿದ್ದ ದೂರವಾಣಿಗೆ ಮೂರು ಸಲ ಕರೆ ಮಾಡಿದರೂ ಎತ್ತುವವರಿರಲಿಲ್ಲ. ಮರುದಿನ ಮಧ್ಯಾಹ್ನ ಆಸ್ಪತ್ರೆ ಸೇರಿ, ಹನ್ನೊಂದು ದಿನ ಅಲ್ಲಿದ್ದು, ಬದುಕಿ ಬಂದಳು. ಎಲ್ಲರಿಗೂ ಆ ಭಾಗ್ಯ ಇರುವುದಿಲ್ಲ. ಅವಳಿಗೆ ಕೊಟ್ಟ ಔಷಧದಲ್ಲಿ ತಪ್ಪಿರಲಿಲ್ಲ. ಔಷಧ ಕೊಟ್ಟ ಮೇಲೆ ನೋಡುವವರಿರಲಿಲ್ಲ, ಅಷ್ಟೆ.

ತಪ್ಪೆಲ್ಲ ಆಸ್ಪತ್ರೆಗಳದೇ ಎಂದು ಹೇಳಿದರೆ ಅದು ನ್ಯಾಯವಾಗದು. ನಮ್ಮವರ ಸ್ವಭಾವವನ್ನೂ ನೋಡಬೇಕು. ಮೂರು ವಾರಗಳ ನಂತರ ವೈದ್ಯರು ‘ಹೇಗಿದ್ದೀರಿ?’ ಎಂದು ಕೇಳಿದರೆ ನಮ್ಮ ರೋಗಿಯ ಉತ್ತರ ಒಂದೇ: ‘ಆರಾಮ ಅದೀನ್ರಿ.’ ಬಾಯಿಯ ತುಂಬ ಹುಣ್ಣಿದ್ದರೂ ಆರಾಮ, ಬೆರಳುಗಳಲ್ಲಿ ಇರುವೆ ಹರಿದಂತಾಗಿ ಅಂಗಿಯ ಗುಂಡಿ ಹಾಕಿಕೊಳ್ಳಲಾಗದಿದ್ದರೂ ಆರಾಮ. ದೊಡ್ಡವರ ಮುಂದೆ ಗೋಳು ಹೇಳಬಾರದೆಂಬ ಸಂಕೋಚ ಒಂದು ಕಡೆ. ಹೇಳಿದರೆ ಈ ಸಲದ ಸಲಾಯಿನ್ ನಿಲ್ಲಿಸಿ ಮುಂದಿನ ವಾರ ಬಾ ಎಂದಾರು, ಬಂದ ಖರ್ಚು ದಂಡವಾದೀತು, ಮಗನ ಕೂಲಿ ಹೋದೀತು ಎಂಬ ಭಯ ಇನ್ನೊಂದು ಕಡೆ. ಬೆರಳಿನ ಜೋಮನ್ನು ಮುಚ್ಚಿಟ್ಟರೆ ವೈದ್ಯರು ಔಷಧದ ಪ್ರಮಾಣ ತಗ್ಗಿಸುವುದಿಲ್ಲ. ಪ್ರಮಾಣ ತಗ್ಗಿಸದಿದ್ದರೆ ಜೋಮು ಕಾಯಂ ಆಗಿ ಉಳಿಯಬಹುದು. ಈ ಸರಪಳಿಯನ್ನು ಯಾರಾದರೂ ಅವರಿಗೆ ಅವರ ಮಾತಿನಲ್ಲಿ ಬಿಡಿಸಿ ಹೇಳಿದ್ದಾರೆಯೇ?

ಆಸ್ಪತ್ರೆಯ ಸಲಹೆಗಳೂ ನಮ್ಮ ಬಾಳುವೆಯನ್ನು ಅರಿತು ಬರಬೇಕು. ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೂ, ಸೈಕ್ಲೋಫಾಸ್ಫಮೈಡ್ ಮೂತ್ರಕೋಶಕ್ಕೂ ತೊಂದರೆ ಕೊಡುವುದರಿಂದ ‘ನೀರು ಹೆಚ್ಚು ಕುಡಿಯಿರಿ’ ಎನ್ನುತ್ತಾರೆ. ಆದರೆ ಬಸ್ಸಿನಲ್ಲಿ ತಾಸುಗಟ್ಟಲೆ ಪ್ರಯಾಣ ಮಾಡುವ ನಮ್ಮ ಹೆಣ್ಣುಮಕ್ಕಳು ದಾರಿಯಲ್ಲಿ ಶೌಚಾಲಯ ಸಿಗದೆಂದು ಬೆಳಗಿನಿಂದಲೇ ನೀರು ಬಿಟ್ಟಿರುತ್ತಾರೆ. ‘ಖಾರ ಬೇಡ’ ಎನ್ನುತ್ತಾರೆ. ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದೇನೋ ನಿಜ. ಹುಣ್ಣಾದ ಬಾಯಿಗೆ ಅದೂ ಬೆಂಕಿಯೇ. ಹಾಗಾದರೆ ಏನು ತಿನ್ನಬೇಕು? ಮೆತ್ತಗಿನ ಅನ್ನ, ಹಾಲು, ಗಂಜಿ ಎಂದು ಬಿಡಿಸಿ ಹೇಳಬೇಡವೇ? ಕ್ಯಾಪೆಸಿಟಬಿನ್ ಎಂಬ ಕಿಮೋ ಗುಳಿಗೆಯನ್ನು ಸಾಮಾನ್ಯವಾಗಿ ಹದಿನಾಲ್ಕು ದಿನ ಮನೆಯಲ್ಲಿಯೇ ನುಂಗಿ ಏಳು ದಿನ ಬಿಡಬೇಕು. ಅದರಿಂದ ಅಂಗೈ, ಅಂಗಾಲು ಕೆಂಪಾಗಿ ಸುಲಿಯುವುದುಂಟು. ಕಳೆ ತೆಗೆಯುವ, ಮೆಣಸಿನಕಾಯಿ ತುಂಬು ಬಿಡಿಸುವ ಹೆಣ್ಣುಮಗಳು ಅದನ್ನು ಕೆಲಸದ ಗಾಯವೆಂದೇ ತಿಳಿದು ಗುಳಿಗೆ ಮುಂದುವರಿಸುತ್ತಾಳೆ.

‘ಇದನ್ನೆಲ್ಲ ಬರೆದಿಟ್ಟು, ಕೇಳಿ ಏನು ಪ್ರಯೋಜನ?’ ಎನ್ನುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಡಾ. ಈಥನ್ ಬ್ಯಾಶ್ ಮತ್ತು ಸಂಗಡಿಗರು ಕಾಯಿಲೆ ದೇಹದಲ್ಲಿ ಹರಡಿದ್ದ 766 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಆರೈಕೆ. ಇನ್ನೊಂದು ಗುಂಪಿನವರು ಅದರ ಜೊತೆಗೆ ಹಸಿವು, ವಾಂತಿ, ನೋವು, ಉಸಿರಾಟ ಮೊದಲಾದ ಹನ್ನೆರಡು ಲಕ್ಷಣಗಳನ್ನು ತಾವೇ ಕಂಪ್ಯೂಟರಿನಲ್ಲಿ ದಾಖಲಿಸುತ್ತಿದ್ದರು. ಯಾವುದಾದರೂ ಬಿಗಡಾಯಿಸಿದರೆ ದಾದಿಗೆ ಸೂಚನೆ ಹೋಗುತ್ತಿತ್ತು. 2017ರಲ್ಲಿ ಫಲಿತಾಂಶ ಪ್ರಕಟವಾಯಿತು. ಎಂದಿನ ಗುಂಪಿನ ಅರ್ಧದಷ್ಟು ಜನ 26 ತಿಂಗಳುಗಳಿಗಿಂತ ಹೆಚ್ಚು ಬದುಕಿದ್ದರೆ, ದಾಖಲಿಸಿದವರ ಗುಂಪಿನಲ್ಲಿ ಆ ಅವಧಿ 31.2 ತಿಂಗಳು. ಹೊಸ ಔಷಧವೇನನ್ನೂ ಕೊಟ್ಟಿರಲಿಲ್ಲ. ರೋಗಿ ಹೇಳಿದನು, ಒಬ್ಬರು ಕೇಳಿಸಿಕೊಂಡರು. ಅಷ್ಟರಿಂದಲೇ ಐದು ತಿಂಗಳ ಆಯುಷ್ಯ ಹೆಚ್ಚಾಯಿತು.

ನಮ್ಮ ಹಳ್ಳಿಯಲ್ಲಿ ಕಂಪ್ಯೂಟರ್ ಬೇಕಾಗಿಲ್ಲ. ನಲವತ್ತು ಪುಟದ ಒಂದು ನೋಟುಬುಕ್ಕು, ಒಂದು ಥರ್ಮಾಮೀಟರ್ ಸಾಕು. ಪ್ರತಿ ಕಿಮೋ ರೋಗಿಗೂ ಆಸ್ಪತ್ರೆಯೇ ಕನ್ನಡದಲ್ಲಿ ಅಚ್ಚಾದ 21 ಮನೆಗಳ ಹಾಳೆಯೊಂದನ್ನು ಕೊಡಬೇಕು: ಜ್ವರ ಎಷ್ಟು, ವಾಂತಿ ಎಷ್ಟು ಸಲ, ಭೇದಿ ಎಷ್ಟು ಸಲ, ಬಾಯಿಹುಣ್ಣು, ಜೋಮು, ಎಷ್ಟು ಉಂಡರು. ಯಾವ ಲಕ್ಷಣಕ್ಕೆ ಕಾಯಬಹುದು, ಯಾವುದಕ್ಕೆ ಆ ಕ್ಷಣವೇ ಹೊರಡಬೇಕು ಎಂಬುದನ್ನು ಅದರ ಮೇಲೆಯೇ ದಪ್ಪಕ್ಷರದಲ್ಲಿ ಹಾಕಿರಬೇಕು. ರಾತ್ರಿಯಲ್ಲೂ ಎತ್ತುವ ಒಂದು ದೂರವಾಣಿ ಬೇಕು. ಊರಿನ ಆಶಾ ಕಾರ್ಯಕರ್ತೆಗೆ ಆ ರೋಗಿಯ ಅಪಾಯದ ದಿನಗಳು ಗೊತ್ತಿರಬೇಕು. ‘ಓದು ಬರಹ ಬಾರದವರು ಏನು ಮಾಡಬೇಕು?’ ಎಂದು ಕೇಳಬಹುದು. ಆರನೆಯ ತರಗತಿಯ ಮೊಮ್ಮಗಳು ಅಜ್ಜಿಯ ಜ್ವರವನ್ನು ನೋಡಿ ಬರೆಯಬಲ್ಲಳೆಂದು ನಾನು ನನ್ನ ವೃತ್ತಿಯ ಅನುಭವದಿಂದ ಖಂಡಿತವಾಗಿ ಹೇಳಬಲ್ಲೆ. ‘ಅಡ್ಡಪರಿಣಾಮಗಳ ಪಟ್ಟಿ ಕೊಟ್ಟರೆ ರೋಗಿಗಳು ಹೆದರಿ ಚಿಕಿತ್ಸೆಯನ್ನೇ ಬಿಟ್ಟಾರು’ ಎಂಬ ವೈದ್ಯರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಮುಂದೆ ತಿರುವಿದೆಯೆಂದು ಫಲಕ ಹಾಕಿದರೆ ಯಾರೂ ಪ್ರಯಾಣ ಬಿಡುವುದಿಲ್ಲ. ಗಾಡಿಯನ್ನು ನಿಧಾನ ಮಾಡುತ್ತಾರೆ.

ದೇಶದ ಮಟ್ಟದಲ್ಲಿ ಒಂದು ವ್ಯವಸ್ಥೆ ಇಲ್ಲದಿಲ್ಲ. ಔಷಧಗಳ ದುಷ್ಪರಿಣಾಮಗಳನ್ನು ದಾಖಲಿಸುವ ಭಾರತೀಯ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ 2010ರಲ್ಲಿ ಆರಂಭವಾಗಿ, 2011ರಿಂದ ಗಾಜಿಯಾಬಾದಿನ ಇಂಡಿಯನ್ ಫಾರ್ಮಕೊಪಿಯ ಕಮಿಷನ್ನಿನಿಂದ ನಡೆಯುತ್ತಿದೆ. ಅನೇಕ ವೈದ್ಯಕೀಯ ಕಾಲೇಜುಗಳಲ್ಲಿ ಇದರ ಕೇಂದ್ರಗಳಿವೆ. ವೈದ್ಯರಷ್ಟೇ ಅಲ್ಲ, ದಾದಿಯರು, ಔಷಧ ತಜ್ಞರು, ಸ್ವತಃ ರೋಗಿಗಳೂ ವರದಿ ಕೊಡಬಹುದು. ರೋಗಿಗಳ ನಮೂನೆ ಕನ್ನಡದಲ್ಲಿಯೂ ಇದೆ. ಶುಲ್ಕವಿಲ್ಲದ ದೂರವಾಣಿ 1800-180-3024. ಇದು ವರದಿ ಕೊಡುವುದಕ್ಕೇ ಹೊರತು ತುರ್ತು ಚಿಕಿತ್ಸೆಗೆ ಅಲ್ಲವೆಂಬುದನ್ನು ನೆನಪಿಡಿ. ಒಂದು ವರದಿಯಿಂದ ಆ ರೋಗಿಗೆ ಲಾಭವಾಗದಿರಬಹುದು. ಸಾವಿರಾರು ವರದಿಗಳು ಸೇರಿದಾಗ ಮುಂದಿನವರಿಗೆ ಎಚ್ಚರಿಕೆಯ ಮಾತು ಹುಟ್ಟುತ್ತದೆ.

ನನ್ನ ಶಿಷ್ಯರಲ್ಲಿ ದಾದಿಯರಿದ್ದೀರಿ, ಔಷಧಿ ಅಂಗಡಿ ಇಟ್ಟವರಿದ್ದೀರಿ, 2008ರಲ್ಲಿ ದೇಶದಲ್ಲಿ ಆರಂಭವಾದ ಫಾರ್ಮ್ ಡಿ ಶಿಕ್ಷಣ ಪಡೆದು ವಾರ್ಡುಗಳಲ್ಲಿ ಓಡಾಡುವವರೂ ಇದ್ದೀರಿ. ನಿಮ್ಮಲ್ಲಿ ನನ್ನದೊಂದು ವಿನಂತಿ. ಅಂಗಡಿಗೆ ಜ್ವರದ ಗುಳಿಗೆ ಕೇಳಿ ಬಂದವರನ್ನು ‘ಮನೆಯಲ್ಲಿ ಯಾರಿಗಾದರೂ ಕಿಮೋ ನಡೆದಿದೆಯೇ?’ ಎಂದು ಒಂದು ಮಾತು ಕೇಳಿ. ವಾರ್ಡಿನಲ್ಲಿ ‘ಹೇಗಿದ್ದೀರಿ?’ ಎನ್ನುವ ಬದಲು ‘ನಿನ್ನೆ ಎಷ್ಟು ರೊಟ್ಟಿ ಉಂಡಿರಿ? ಗುಂಡಿ ಹಾಕಿಕೊಳ್ಳಲು ಬರುತ್ತದೆಯೇ?’ ಎಂದು ಕೇಳಿ. ಆರಾಮ ಎಂಬ ಉತ್ತರದ ಹಿಂದಿರುವುದು ಹೊರಬರುತ್ತದೆ. ಬಂಧುಗಳೇ, ನಿಮ್ಮ ಮನೆಯಲ್ಲಿ ಚಿಕಿತ್ಸೆ ನಡೆದಿದ್ದರೆ ಔಷಧವನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ, ತೊಂದರೆಯನ್ನು ಮುಚ್ಚಿಡಲೂ ಬೇಡಿ. ನಾಟಿ ಔಷಧ, ಕಷಾಯ ಏನಾದರೂ ಕೊಡುತ್ತಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ. ದಿನವೂ ಎರಡು ಸಾಲು ಬರೆಯಿರಿ. ಮುಂದಿನ ಸರದಿಗೆ ಹೋದಾಗ ಆ ಪುಸ್ತಕವನ್ನು ವೈದ್ಯರ ಮೇಜಿನ ಮೇಲೆ ತೆರೆದಿಡಿ.

ಎಲ್ಲರಿಗೂ ಆರೋಗ್ಯಭಾಗ್ಯವಿರಲಿ.